ಅಸ್ಸಾಯೆಯ ಆನೆ

ನಮ್ಮ ಸೇನೆಯ ಮದರಾಸು ರೆಜಿಮೆಂಟಿನ ಲಾಂಛನದಲ್ಲಿ ಒಂದು ಆನೆಯಿದೆ. ಬಲಕ್ಕೂ ಗಾಂಭೀರ್ಯಕ್ಕೂ ಇದಕ್ಕಿಂತ ಒಪ್ಪುವ ಸಂಕೇತ ಬೇರೊಂದಿಲ್ಲವೆಂದು ನೋಡಿದವರಿಗೆ ತೋರೀತು. ಆದರೆ ಆ ಆನೆ ಅಲ್ಲಿಗೆ ಬಂದುದು ಈ ಗುಣಗಳಿಗಾಗಿ ಅಲ್ಲ. ಒಂದು ಯುದ್ಧದ ಬಹುಮಾನವಾಗಿ.

ಆ ಯುದ್ಧ ನಡೆದುದು 1803ರ ಸೆಪ್ಟೆಂಬರ್ 23ರಂದು, ಇಂದಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಅಸ್ಸಾಯೆ ಎಂಬ ಹಳ್ಳಿಯ ಬಳಿ. ಒಂದು ಕಡೆ ಸಿಂಧ್ಯ, ಭೋಂಸಲೆಯರ ಮರಾಠಾ ಸೇನೆ. ಇನ್ನೊಂದು ಕಡೆ ಆರ್ಥರ್ ವೆಲ್ಲೆಸ್ಲಿಯ ಕೈಕೆಳಗಿನ ಕಂಪನಿಯ ಸೇನೆ. ಟಿಪ್ಪುವಿನ ಪತನದ ಮೇಲೆ ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸಿದ ವೆಲ್ಲೆಸ್ಲಿಯೇ ಈತ. ಆ ದಂಡಯಾತ್ರೆಯಲ್ಲಿ ಮೈಸೂರಿನ ಕುದುರೆಸವಾರರೂ ಜೊತೆಗಿದ್ದರು. ತಮಗಿಂತ ಹಲವು ಪಟ್ಟು ದೊಡ್ಡದಾದ ಸೈನ್ಯದ ಫಿರಂಗಿಗಳಿಗೆ ಎದುರಾಗಿ ಮದರಾಸಿನ ಸಿಪಾಯಿಗಳು ನಡೆದರು, ಗೆದ್ದರು. ಕಂಪನಿ ಮೆಚ್ಚಿ ಅವರ ಧ್ವಜಕ್ಕೆ ಆನೆಯನ್ನು ದಯಪಾಲಿಸಿತು.

ಸ್ವಾತಂತ್ರ್ಯಾನಂತರ ನಮ್ಮ ಸೇನೆ, ಈ ನೆಲವನ್ನು ಪರರಿಗೆ ಗೆದ್ದುಕೊಟ್ಟ ಯುದ್ಧಗಳ ಬಿರುದುಗಳನ್ನು ಹೇಯವೆಂದು ಬದಿಗಿರಿಸಿತು. ಅಸ್ಸಾಯೆಯೂ ಅವುಗಳಲ್ಲೊಂದು. ಹೆಸರು ಹೋಯಿತು, ಆನೆ ಉಳಿಯಿತು. ರೆಜಿಮೆಂಟಿನ ಕೇಂದ್ರವಿರುವ ನೀಲಗಿರಿಯ ಊರಿನ ಹೆಸರು ವೆಲಿಂಗ್ಟನ್. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿಕೊಂಡ ಅದೇ ವೆಲ್ಲೆಸ್ಲಿಯ ಹೆಸರು.

ಇದು ಆತ್ಮವಂಚನೆಯಲ್ಲವೆ ಎಂದು ಕೇಳಬಹುದು. ಸೈನಿಕನ ಕೆಲಸ ಕಾದುವುದು, ಯಾರಿಗಾಗಿ ಎಂಬ ವಿಚಾರ ಅವನದಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆ ಮಾತನ್ನು ಪೂರ್ತಿ ಒಪ್ಪಿದರೆ ಕೂಲಿಗಾಗಿ ಮಾಡಿದ ಯಾವ ಕೊಲೆಯೂ ತಪ್ಪೆನಿಸದು. ಉದ್ದೇಶವೇ ಎಲ್ಲವೂ ಎಂದರೆ, ಉಂಡ ಉಪ್ಪಿಗೆ ಎರಡು ಬಗೆಯದೆ ಸತ್ತ ಬಡ ಸಿಪಾಯಿಗೆ ಲೆಕ್ಕವೇ ಇಲ್ಲದಂತಾಗುತ್ತದೆ.

ಕನ್ನಡಿಗರಿಗೆ ಈ ಇಕ್ಕಟ್ಟು ಹೊಸದಲ್ಲ. ಅನ್ನದ ಋಣಕ್ಕೆ ಪ್ರಾಣ ತೆರುವುದನ್ನು ಹಳಗನ್ನಡ ಜೋಳವಾಳಿ ಎಂದು ಕರೆಯಿತು. ಪಂಪನ ಕಾವ್ಯದ ನಾಯಕ ಅರ್ಜುನ. ಆದರೂ ಕರ್ಣನ ನಿಷ್ಠೆಯನ್ನು ಮನಸಾರೆ ಹೊಗಳಲು ಅವನು ಹಿಂಜರಿಯಲಿಲ್ಲ. ಹಾಗೆಂದು ಕೌರವನ ಪಕ್ಷ ನ್ಯಾಯದ್ದೆಂದೂ ಹೇಳಲಿಲ್ಲ. ಎರಡನ್ನೂ ಹೇಳಿದುದರಿಂದಲೇ ಆ ಹೊಗಳಿಕೆಯಲ್ಲಿ ಸುಳ್ಳಿಲ್ಲ.

ಆನೆಯ ವಿಷಯವೂ ಹೀಗೆಯೇ ಎಂದು ನನಗೆ ತೋರುತ್ತದೆ. ಲಾಂಛನದ ಅರ್ಥ ಅದನ್ನು ಕೊಟ್ಟವನ ಸ್ವತ್ತಾಗಿ ಉಳಿಯುವುದಿಲ್ಲ. ಆಮೇಲೆ ಧರಿಸಿದವರ ನಡತೆಯೂ ಅದರೊಳಗೆ ಸೇರುತ್ತದೆ. 1948ರಲ್ಲಿ ಕಾಶ್ಮೀರದ ತೀಥ್ವಾಲಿನಲ್ಲಿ ಈ ರೆಜಿಮೆಂಟಿನವರು ಹೋರಾಡಿದ್ದು ಸ್ವಂತ ದೇಶಕ್ಕಾಗಿ. ಮೈಸೂರು ಸಂಸ್ಥಾನದ ಕಾಲಾಳು ಪಡೆಯೂ ಮುಂದೆ ಇದರಲ್ಲೇ ಸೇರಿತು. ಆದುದರಿಂದ ಆನೆ ಇರಲಿ. ಆದರೆ ಹೊಸದಾಗಿ ಸೇರಿದ ಹುಡುಗನಿಗೆ 'ಇದು ಬಲದ ಗುರುತು' ಎಂದಷ್ಟೇ ಹೇಳಿ ಮುಗಿಸಿದರೆ ಅದು ಅರ್ಧ ಸತ್ಯ.

ಅವನಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಅಸ್ಸಾಯೆಯಲ್ಲಿ ಮರಾಠರ ಗೋಲಂದಾಜರು ಫಿರಂಗಿಗಳನ್ನು ಬಿಟ್ಟು ಓಡಲಿಲ್ಲ. ಬಂದೂಕಿನ ಸನೀನುಗಳು ಎದೆಗೆ ತಾಗುವವರೆಗೂ ಅಲ್ಲೇ ನಿಂತು ಸತ್ತರು. ಅವರೂ ಈ ದೇಶದವರೇ. ಅವರ ಶೌರ್ಯಕ್ಕೆ ಯಾರೂ ಆನೆಯನ್ನು ಕೊಡಲಿಲ್ಲ.