ದೇವರೊಡನೆ ಒಡಂಬಡಿಕೆ

ಬೈಬಲ್ಲಿನ ಎರಡು ಭಾಗಗಳಿಗೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂಬ ಹೆಸರುಗಳು ಕನ್ನಡದಲ್ಲಿ ರೂಢವಾಗಿವೆ. ಈ ವಿಭಾಗವು ಕ್ರೈಸ್ತರದು. ಯೆಹೂದ್ಯರು ತಮ್ಮ ಒಡಂಬಡಿಕೆಯನ್ನು ಹಳೆಯದೆಂದು ಎಂದಿಗೂ ಒಪ್ಪಿದವರಲ್ಲ. ಅದು ಇಂದಿಗೂ ನಡೆಯುತ್ತಿರುವುದೆಂದೇ ಅವರ ನಂಬುಗೆ. ಕನ್ನಡದ ಈ ಶಬ್ದದಲ್ಲಿ ಒಡಂಬಡುವುದು, ಅಂದರೆ ಮನಸಾರೆ ಒಪ್ಪುವುದು, ಎಂಬ ಅರ್ಥವು ಅಡಗಿದೆ. ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ಬ್ರಿತ್’ ಎಂದು ಹೆಸರು. ಆ ಭಾಷೆಯ ವಾಡಿಕೆಯಂತೆ ಬ್ರಿತ್ತನ್ನು ‘ಕಡಿಯುವರು’. ಆದಿಕಾಂಡದ ಹದಿನೈದನೆಯ ಅಧ್ಯಾಯವನ್ನು ನೋಡಿದರೆ ಈ ಮಾತಿನ ಮರ್ಮವು ತಿಳಿಯುವುದು. ಮುಂದೆ ಅಬ್ರಹಾಮನೆಂದು ಹೆಸರಾದ ಅಬ್ರಾಮನು ಕಡಸು, ಆಡು, ಟಗರುಗಳನ್ನು ಸೀಳಿ ತುಂಡುಗಳನ್ನು ಎದುರುಬದುರಾಗಿ ಇಟ್ಟನು. ಕತ್ತಲೆ ಕವಿದ ಮೇಲೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಅವುಗಳ ನಡುವೆ ಹಾದುಹೋದುವು. ಮಾತಿಗೆ ತಪ್ಪಿದವನಿಗೆ ಈ ಪ್ರಾಣಿಗಳ ಗತಿಯೇ ಬರಲಿ ಎಂಬುದು ಆ ಕಾಲದ ಇಂತಹ ವಿಧಿಗಳ ಭಾವವು. ಆದರೆ ಇಲ್ಲಿ ಹಾದುಹೋದುದು ದೇವರ ಕುರುಹು ಮಾತ್ರ. ಅಬ್ರಾಮನು ಹಾದುಹೋದನೆಂದು ಗ್ರಂಥದಲ್ಲಿ ಹೇಳಿಲ್ಲ.

ಸೀನಾಯಿ ಬೆಟ್ಟದ ಬಳಿ ಮೋಶೆಯ ಕಾಲದಲ್ಲಿ ಆದ ಒಡಂಬಡಿಕೆಯು ಬೇರೆ ಬಗೆಯದು. ಅಲ್ಲಿ ಜನರ ಮೇಲೆಯೂ ಹೊಣೆಯು ಬಿದ್ದಿತು. ಹಿತ್ತಿಯರ ಚಕ್ರವರ್ತಿಗಳು ತಮ್ಮ ಸಾಮಂತರೊಡನೆ ಮಾಡಿಕೊಂಡ ಕೌಲುಗಳಿಗೂ ಇದಕ್ಕೂ ಹೋಲಿಕೆಯಿರುವುದನ್ನು 1954ರಲ್ಲಿ ಜಾರ್ಜ್ ಮೆಂಡನ್‌ಹಾಲ್ ಎಂಬ ವಿದ್ವಾಂಸರು ತೋರಿಸಿದರು. ದೊರೆಯು ಹಿಂದೆ ಮಾಡಿದ ಉಪಕಾರವನ್ನು ಮೊದಲು ಹೇಳುವುದು, ಬಳಿಕ ಕಟ್ಟಳೆಗಳನ್ನು ವಿಧಿಸುವುದು, ಕೊನೆಗೆ ಪಾಲಿಸಿದವರಿಗೆ ಆಶೀರ್ವಾದವನ್ನೂ ಮೀರಿದವರಿಗೆ ಶಾಪವನ್ನೂ ನುಡಿಯುವುದು, ಇದು ಆ ಕೌಲುಗಳ ಕ್ರಮ. ಇಲ್ಲಿಯೂ ಐಗುಪ್ತದ ದಾಸ್ಯವನ್ನು ಬಿಡಿಸಿದ ಉಪಕಾರದ ಸ್ಮರಣೆಯೇ ಮೊದಲು. ಆದರೆ ಸಾಮಂತನ ಕೌಲು ಅರಸನೊಬ್ಬನೊಡನೆ ಆಗುತ್ತಿದ್ದಿತು. ಧರ್ಮೋಪದೇಶಕಾಂಡದ ಒಡಂಬಡಿಕೆಯಲ್ಲಿಯಾದರೋ ಹೆಂಗಸರು, ಮಕ್ಕಳು, ಪಾಳೆಯದಲ್ಲಿ ಸೌದೆ ಒಡೆಯುವ ಪರದೇಶಿಗಳು, ನೀರು ತರುವ ಆಳುಗಳು, ಎಲ್ಲರೂ ಸೇರಿದರು. ದೇವರಿಗೆ ಕೊಟ್ಟ ಮಾತಿನಲ್ಲಿ ನೀರಿನ ಆಳಿಗೂ ಕುಲದ ಹಿರಿಯನಿಗೂ ಒಂದೇ ಸ್ಥಾನವೆಂಬುದು ಸಣ್ಣ ವಿಷಯವಲ್ಲ.

ಹೀಗಿರಲು ಒಂದು ಪ್ರಶ್ನೆಯು ಏಳದೆ ಇರದು. ಮಿಂಚು ಗುಡುಗುಗಳಿಂದ ನಡುಗುತ್ತಿದ್ದ ಬೆಟ್ಟದ ಬುಡದಲ್ಲಿ ನಿಂತ ಜನರು, ಆಗತಾನೆ ದಾಸ್ಯದಿಂದ ಬಿಡುಗಡೆ ಹೊಂದಿ ಅನ್ನನೀರಿಗೂ ದೇವರನ್ನೇ ನೆಚ್ಚಿದ್ದವರು, ಆಗಲಿ ಎಂದುದು ಒಪ್ಪಿಗೆಯೆನಿಸಿಕೊಳ್ಳುವುದೇ? ಈ ಸಂದೇಹವನ್ನು ಎತ್ತಿದವರು ನಾಸ್ತಿಕರಲ್ಲ, ತಾಲ್ಮೂದಿನ ಪಂಡಿತರೇ. ದೇವರು ಬೆಟ್ಟವನ್ನು ಬಾನಿಯಂತೆ ಜನರ ತಲೆಯ ಮೇಲೆ ಕವುಚಿ ಹಿಡಿದು, ಒಪ್ಪಿದರೆ ಸರಿ, ಒಪ್ಪದಿದ್ದರೆ ಇಲ್ಲಿಯೇ ಸಮಾಧಿಯೆಂದು ಹೇಳಿದನೆಂದು ಅವರಲ್ಲೊಬ್ಬನು ವರ್ಣಿಸಿದನು. ಹಾಗಾದರೆ ಇದು ಧರ್ಮಶಾಸ್ತ್ರಕ್ಕೇ ದೊಡ್ಡ ತಕರಾರಾಯಿತೆಂದು ಇನ್ನೊಬ್ಬನು ನುಡಿದನು. ಅವನು ಬಳಸಿದ ಶಬ್ದವು ನ್ಯಾಯಸ್ಥಾನದ್ದು; ಬಲಾತ್ಕಾರದಿಂದ ಪತ್ರ ಮಾಡಿಸಿಕೊಂಡರೆಂದು ಸಾಕ್ಷಿಗಳ ಮುಂದೆ ಹೂಡುವ ತಕರಾರಿಗೆ ಆ ಹೆಸರು. ನಾಲ್ಕನೆಯ ಶತಮಾನದಲ್ಲಿ ಬಾಬಿಲೋನಿಯದಲ್ಲಿದ್ದ ರಾವಾ ಎಂಬ ಪಂಡಿತನು ಉತ್ತರವಿತ್ತನು: ಅಹಷ್ವೇರೋಷನ ಕಾಲದಲ್ಲಿ ಜನರು ಅದನ್ನು ಮತ್ತೊಮ್ಮೆ ತಾವಾಗಿಯೇ ಒಪ್ಪಿಕೊಂಡರು. ಇದು ಎಸ್ತೇರಳ ಕಥೆಯ ಕಾಲ. ಹೀಬ್ರೂ ಮೂಲದ ಆ ಕಥೆಯಲ್ಲಿ ದೇವರ ಹೆಸರೇ ಬರುವುದಿಲ್ಲ. ಬೆಟ್ಟವಿಲ್ಲ, ಗುಡುಗಿಲ್ಲ, ಪರದೇಶದ ಅರಮನೆಯೊಂದು, ಕೊಲೆಯ ಆಜ್ಞೆಯೊಂದು, ಅದರಿಂದ ಪಾರಾದ ಜನರು. ದೇವರು ಕಣ್ಣಿಗೆ ಬೀಳದಿದ್ದಾಗ ಕೊಟ್ಟ ಒಪ್ಪಿಗೆಯೇ ಒಪ್ಪಿಗೆಯೆಂದು ರಾವಾ ಎಣಿಸಿದನೆಂದು ತೋರುತ್ತದೆ. ತಕರಾರು ಸುಳ್ಳೆಂದು ಅವನು ಹೇಳಲಿಲ್ಲವೆಂಬುದು ಗಮನಾರ್ಹ.

ಇನ್ನು, ಅಂದು ಹುಟ್ಟದೆ ಇದ್ದವರ ಮಾತೇನು? ಅಲ್ಲಿ ನಿಂತವರೊಡನೆ ಮಾತ್ರವಲ್ಲದೆ ಅಂದು ಅಲ್ಲಿ ಇಲ್ಲದವರೊಡನೆಯೂ ಒಡಂಬಡಿಕೆಯಾಯಿತೆಂದು ಧರ್ಮೋಪದೇಶಕಾಂಡವು ಸಾರುತ್ತದೆ. ಹುಟ್ಟಿದ ಎಂಟನೆಯ ದಿನ ಗಂಡುಕೂಸಿಗೆ ಸುನ್ನತಿಯಾಗುವುದು; ಕೂಸನ್ನು ಯಾರೂ ಕೇಳುವುದಿಲ್ಲ. ಸ್ಪೇನಿನಲ್ಲಿ ಹದಿನೈದನೆಯ ಶತಮಾನದಲ್ಲಿ ಈ ಪ್ರಶ್ನೆಯು ಬರಿಯ ತರ್ಕವಾಗಿ ಉಳಿಯಲಿಲ್ಲ. ಅಲ್ಲಿ ಅನೇಕ ಯೆಹೂದ್ಯರು ಪ್ರಾಣಭಯದಿಂದ ಕ್ರೈಸ್ತರಾಗಿದ್ದರು; ಕ್ರೈಸ್ತರಾಗದವರೆಲ್ಲರೂ ದೇಶವನ್ನು ಬಿಡಬೇಕೆಂದು 1492ರಲ್ಲಿ ಅರಸರು ಆಜ್ಞೆ ಮಾಡಿದರು. ಅಜ್ಜಂದಿರ ಮಾತಿಗೆ ಮೊಮ್ಮಕ್ಕಳು ಏಕೆ ಕಟ್ಟುಬೀಳಬೇಕೆಂದು ಅರಗಾನಿನ ಪಂಡಿತರು ಚರ್ಚಿಸಿದರೆಂದು, ಆ ವರ್ಷ ದೇಶವನ್ನು ಬಿಟ್ಟುಹೋದ ಈಸಾಕ್ ಅಬ್ರಬನೇಲನು ತನ್ನ ಭಾಷ್ಯದಲ್ಲಿ ಬರೆದಿರುವನು. ತಂದೆಯ ಆಸ್ತಿಯೊಡನೆ ಸಾಲವೂ ಮಗನಿಗೆ ಬರುವಂತೆ, ಐಗುಪ್ತದಿಂದ ಬಿಡಿಸಿದ ಋಣವು ಸಂತತಿಗೆ ಬರುವುದೆಂದು ಅವನ ಸಮಾಧಾನ. ಪಿತೃಋಣವನ್ನು ಬಲ್ಲ ನಮ್ಮ ದೇಶದವರಿಗೆ ಇದು ಅಪರಿಚಿತವಾದ ವಿಚಾರವಲ್ಲ. ಆದರೂ, ಸಾಲವು ಆಸ್ತಿಯನ್ನು ಮೀರಿದಾಗ ಆಸ್ತಿಯನ್ನೇ ಒಲ್ಲೆನೆನ್ನಬಹುದಲ್ಲವೆ ಎಂಬ ಆಕ್ಷೇಪಣೆಗೆ ಇದರಲ್ಲಿ ಪರಿಹಾರವು ದೊರೆಯದು. ಮನೆಮಾರುಗಳನ್ನು ತೊರೆದು ಹಡಗು ಹತ್ತಿದವರು ಈ ಸಮಾಧಾನವೊಂದನ್ನೇ ನಂಬಿ ಹತ್ತಿದರೆಂದು ಹೇಳಲಾಗದು.

ಒಡಂಬಡಿಕೆಯು ಒಂದು ಕಡೆಯವರನ್ನೇ ಕಟ್ಟುವುದಲ್ಲವೆಂಬುದನ್ನು ಯೆಹೂದ್ಯರು ಮರೆತಿಲ್ಲ. ಸೊದೋಮಿನ ಸಲುವಾಗಿ ಅಬ್ರಹಾಮನು ದೇವರೊಡನೆ ಐವತ್ತು ಮಂದಿ ನೀತಿವಂತರಿಂದ ಹತ್ತು ಮಂದಿಯವರೆಗೆ ಚೌಕಾಸಿ ಮಾಡಿದನು. ಬೆರ್ದಿಚೆವಿನ ಲೇವಿ ಇಸಾಕನು (1740–1809) ತನ್ನ ಜನರ ಸಂಕಟಕ್ಕಾಗಿ ದೇವರ ಮೇಲೆಯೇ ವ್ಯಾಜ್ಯ ಹೂಡಿದನೆಂದು ಪ್ರಸಿದ್ಧಿ. ಅರವತ್ತು ಲಕ್ಷ ಯೆಹೂದ್ಯರನ್ನು ನಾಜಿಗಳು ಕೊಂದ ಮೇಲೆ ಆ ವ್ಯಾಜ್ಯದ ದನಿಯೇ ಬೇರೆಯಾಯಿತು. ಕಾಪಾಡುವೆನೆಂದವನು ಕಾಪಾಡದೆ ಹೋದಮೇಲೆ ಆಜ್ಞಾಪಿಸುವ ಅಧಿಕಾರವೂ ಉಳಿಯಲಿಲ್ಲವೆಂದು, ಇನ್ನು ಮುಂದೆ ಒಡಂಬಡಿಕೆಯು ಜನರು ಸ್ವೇಚ್ಛೆಯಿಂದ ಕೈಕೊಂಡದ್ದೇ ಹೊರತು ಬೇರೆಯಲ್ಲವೆಂದು, ಅಮೇರಿಕದ ರಬ್ಬಿ ಅರ್ವಿಂಗ್ ಗ್ರೀನ್‌ಬರ್ಗರು 1982ರಲ್ಲಿ ಪ್ರತಿಪಾದಿಸಿದರು. ಸ್ವೇಚ್ಛೆಯಿಂದ ಹಿಡಿದುದನ್ನು ಸ್ವೇಚ್ಛೆಯಿಂದ ಬಿಡಲೂಬಹುದಾದ್ದರಿಂದ ಈ ಮತವು ಅಪಾಯಕರವೆಂದು ಸಂಪ್ರದಾಯಸ್ಥರಿಗೆ ತೋರುವುದು ಸಹಜವೇ. ಆದರೆ ಇದು ರಾವಾನ ಮಾತಿಗೆ ಅಷ್ಟೇನೂ ದೂರವಲ್ಲ.

ಸೀನಾಯಿಯ ನೆನಪಿಗಾಗಿ ವರ್ಷವರ್ಷವೂ ಆಚರಿಸುವ ಶಾವುಓತ್ ಹಬ್ಬದಲ್ಲಿ ದಶಾಜ್ಞೆಗಳ ಪಾಠವಾಗುವುದು. ಅದೇ ಹಬ್ಬದಲ್ಲಿ ಅನೇಕ ಸಭಾಮಂದಿರಗಳಲ್ಲಿ ರೂತಳ ಕಥೆಯನ್ನೂ ಓದುವರು. ಅವಳು ಮೋವಾಬ್ ದೇಶದ ಹೆಂಗಸು. ಅವಳ ಹಿರಿಯರಾರೂ ಆ ಬೆಟ್ಟದ ಬುಡದಲ್ಲಿ ನಿಂತವರಲ್ಲ. ಗಂಡನು ತೀರಿಕೊಂಡ ಮೇಲೆ, ತವರಿಗೆ ಹಿಂದಿರುಗೆಂದು ಅತ್ತೆಯು ಎಷ್ಟು ಹೇಳಿದರೂ ಕೇಳದೆ, ಬೇತ್ಲೆಹೇಮಿನ ದಾರಿಯಲ್ಲಿ ಅತ್ತೆಯ ಜನರನ್ನೂ ಅತ್ತೆಯ ದೇವರನ್ನೂ ತನ್ನವರೆಂದು ಒಪ್ಪಿಕೊಂಡು ಅವಳ ಹಿಂದೆಯೇ ನಡೆದಳು.