ಇನ್ನೊಂದು ತಾರೀಖು

ವಕೀಲೆಯಾಗಿ ನೋಂದಣಿ ಮಾಡಿಸಿಕೊಂಡು ಊರಿಗೆ ಬಂದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಜಡ್ಜ್ ಆಗೋದು ಯಾವಾಗ?" ಪಾವಗಡದ ಕಡೆಯ ನಮ್ಮ ಹಳ್ಳಿಯಲ್ಲಿ ಓದು, ಪರೀಕ್ಷೆ, ನೌಕರಿ ಒಂದರ ಹಿಂದೊಂದು ಬರಬೇಕು. ಮಳೆ ನಂಬಿ ಕಡಲೆಕಾಯಿ ಬಿತ್ತುವವರು ಮಗಳ ವಿಷಯದಲ್ಲಾದರೂ ಖಾತ್ರಿ ಬಯಸುತ್ತಾರೆ.

ಅಮ್ಮನ ಲೆಕ್ಕ ತಪ್ಪೇನೂ ಆಗಿರಲಿಲ್ಲ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸಿನಂತೆ, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ವಕೀಲಿಕೆಯ ಅನುಭವ ಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಕೈಬಿಟ್ಟಿತ್ತು. 2025ರ ಮೇ 20ರಂದು ಅದೇ ಕೋರ್ಟು ಕನಿಷ್ಠ 3 ವರ್ಷದ ಅನುಭವವನ್ನು ಮತ್ತೆ ಕಡ್ಡಾಯ ಮಾಡಿತು. ನಾನು ಕೋಟು ಹಾಕಿ ವರ್ಷವೂ ತುಂಬಿರಲಿಲ್ಲ.

ಸಿಟ್ಟು ಬಂತು. ಅಪ್ಪನ ಆಫೀಸಿನಲ್ಲೇ ಕೂತು 3 ವರ್ಷ ಕಳೆಯುವ ನನ್ನ ಸಹಪಾಠಿಗೂ, ಮಧುಗಿರಿಯಲ್ಲಿ ರೂಮಿನ ಬಾಡಿಗೆ ಕಟ್ಟಿ ಸೀನಿಯರ್ ಕೊಟ್ಟಷ್ಟರಲ್ಲಿ ತಿಂಗಳು ನೂಕುವ ನನಗೂ ಈ 3 ವರ್ಷ ಒಂದೇ ಹೇಗಾದೀತು? (ಅಮೆರಿಕದ ಸಂವಿಧಾನವಂತೂ ಅಲ್ಲಿನ ಫೆಡರಲ್ ನ್ಯಾಯಾಧೀಶರಿಗೆ ಕಾನೂನು ಪದವಿ ಇರಲೇಬೇಕೆಂದೂ ಹೇಳುವುದಿಲ್ಲ. ಇದನ್ನು ಅಮ್ಮನಿಗೆ ಹೇಳಿಲ್ಲ.)

ಸೀನಿಯರ್ ಜೊತೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ಬಸ್ಸಿನಲ್ಲಿ ತಿರುಗುವುದೇ ನನ್ನ ಅನುಭವ. ಈ ನಾಲ್ಕರಲ್ಲೊಂದು ಕೋರ್ಟಿನಲ್ಲಿ ಜಮೀನಿನ ಪಾಲಿನ ದಾವೆಯೊಂದಿತ್ತು. ಎದುರು ಪಕ್ಷದ ಸಾಕ್ಷಿ ಒಬ್ಬ ಮುದುಕ. ನಾವು ಪಾಟಿ ಸವಾಲು ಮಾಡಬೇಕಿತ್ತು. ಸೀನಿಯರ್ ಅಂದು ಬೇರೆ ತಾಲ್ಲೂಕಿನಲ್ಲಿದ್ದರು. ಕೇಸು ಕೂಗಿದಾಗ ಎದ್ದು ನಿಂತು ಕಾಲಾವಕಾಶ ಕೇಳಿದೆ. ಸಿಕ್ಕಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಸರಾಗವಾಗಿ ಕೇಳಿದೆನೆಂದು ಒಳಗೊಳಗೇ ಖುಷಿಯೂ ಆಯಿತು.

ಹೊರಗೆ ಬಂದರೆ ಆ ಮುದುಕ ನನ್ನನ್ನೇ ತಡೆದು, "ನಂದು ಮುಗೀತಾ ತಾಯಿ?" ಎಂದು ತೆಲುಗಿನಲ್ಲಿ ಕೇಳಿದ. ನಮ್ಮ ಮನೆಮಾತೂ ಅದೇ. ಇನ್ನೊಂದು ತಾರೀಖು ಕೊಟ್ಟಿದ್ದಾರೆ ಅಂದೆ. ಮೂರನೇ ಸಲ ಬಂದಿದ್ದನಂತೆ. ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ, ಒಂದು ದಿನದ ಕೂಲಿ ಬಿಟ್ಟು. ತನ್ನ ಭಾಷೆಯಲ್ಲಿ ತಿಳಿಸಿ ಹೇಳಿದ್ದಕ್ಕೆ ನನಗೆ ಕೈಮುಗಿದ. ತಾರೀಖು ಕೇಳಿದ್ದು ನಾನೇ ಎಂಬುದು ಅವನಿಗೆ ಗೊತ್ತಾಗಿರಲಿಲ್ಲ. ನಾನೂ ಹೇಳಲಿಲ್ಲ.

ತೀರ್ಪು ಹೇಳುವ ಅನುಭವ ಇದೇ ಇರಬೇಕು. ಆ ಕೈಮುಗಿತ ನೋಡದೆ ಪರೀಕ್ಷೆ ಪಾಸಾಗಿ ಪೀಠದಲ್ಲಿ ಕೂತಿದ್ದರೆ, ನಾನು ಎಷ್ಟು ತಾರೀಖುಗಳನ್ನು ಹಗುರಾಗಿ ಕೊಡುತ್ತಿದ್ದೆನೋ. ಆದರೆ ಹೀಗೆ 3 ವರ್ಷ ಕೇಳಿ ಕೇಳಿ ರೂಢಿಯಾದ ಮೇಲೆ, ಪೀಠದಿಂದ ಆ ಮುದುಕ ನನಗೆ ಕಾಣುತ್ತಾನೆಯೇ? ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರೊಬ್ಬರು ನನ್ನ ಅನುಭವಕ್ಕೆ ಪ್ರಮಾಣಪತ್ರ ಕೊಡಬೇಕು, ನ್ಯಾಯಾಧೀಶರು ಅದನ್ನು ದೃಢೀಕರಿಸಬೇಕು. ಅದರಲ್ಲಿ ವರ್ಷಗಳು ಇರುತ್ತವೆ. ಅವನ ಮೂರು ದಿನದ ಕೂಲಿ ಇರುವುದಿಲ್ಲ.

ನಿಯಮದ ಮೇಲಿನ ಸಿಟ್ಟು ಈಗ ಅರ್ಧ ಇಳಿದಿದೆ. ಉಳಿದರ್ಧ ಬಾಡಿಗೆಯದು, ಬಡವರ ಮಕ್ಕಳ ಈ 3 ವರ್ಷಕ್ಕೆ ಯಾರಾದರೂ ಹೊಣೆ ಹೊರುವವರೆಗೆ ಅದು ಇಳಿಯಬಾರದು ಎಂದೇ ನನ್ನ ಅಭಿಪ್ರಾಯ.

ಆ ದಾವೆ ಮುಂದಿನ ಮಂಗಳವಾರಕ್ಕಿದೆ. ಅಂದು ಸೀನಿಯರ್‌ಗೆ ಮತ್ತೊಂದು ಕಡೆಯೂ ಕೇಸಿದೆ. ಪಾಟಿ ಸವಾಲು ನಾನೇ ಮಾಡುತ್ತೇನೆ ಸಾರ್ ಎಂದು ಕೇಳಿದ್ದೇನೆ. ಅವರು ಇನ್ನೂ ಹೂಂ ಅಂದಿಲ್ಲ.