ಒಡೆಯದ ತಟ್ಟೆ ಯಾರಿಗಾಗಿ?

ಊರು ಬಿಟ್ಟು ಬಂದು ಪರಸ್ಥಳದಲ್ಲಿ ಸಂಸಾರ ಹೂಡುವವರು ಮೊದಲು ಕೊಳ್ಳುವ ಸಾಮಾನುಗಳಲ್ಲಿ ಊಟದ ತಟ್ಟೆಯೂ ಒಂದು. ಧಾರವಾಡದ ಕಡೆಯವರು ಅದನ್ನು ಗಂಗಾಳವೆನ್ನಲಿ, ತಾಟೆನ್ನಲಿ, ಕರಾವಳಿಯವರು ಬಟ್ಟಲೆನ್ನಲಿ, ಮೈಸೂರಿನವರು ತಟ್ಟೆಯೆನ್ನಲಿ, ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಬಾಳಿಕೆ ಬರುತ್ತದೆಯೇ?' ಇದಕ್ಕೆ ಅಂಗಡಿಯವನು ಉತ್ತರ ಹೇಳಬಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ. ಮನೆಯಲ್ಲಿರುವ ತಟ್ಟೆಗಳಲ್ಲಿ ಯಾವುದು ಯಾರಿಗೆ? ಇದಕ್ಕೆ ಉತ್ತರ ಹೇಳಬೇಕಾದವರು ನಾವೇ.

ಮೊದಲು ಬಾಳಿಕೆಯ ಮಾತನ್ನೇ ನೋಡೋಣ. ನಮ್ಮ ಹಿರಿಯರಿಗೆ ಬಾಳೆಯೆಲೆ, ಮುತ್ತುಗದ ಎಲೆಯಿತ್ತು. ಉಂಡು ಎಸೆದರೆ ಮುಗಿಯಿತು, ಬಾಳಿಕೆಯ ಪ್ರಶ್ನೆಯೇ ಇರಲಿಲ್ಲ. ಅನುಕೂಲವಿದ್ದವರ ಮನೆಯಲ್ಲಿ ಕಂಚಿನ ತಟ್ಟೆಯಿರುತ್ತಿತ್ತು. ಕಂಚೆಂದರೆ ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ನೋಡಲು ಗಟ್ಟಿ, ಬಡಿದರೆ ಗಂಟೆಯಂತೆ ನಾದ. ಆದರೆ ಕಲ್ಲುಚಪ್ಪಡಿಯ ಮೇಲೆ ಜಾರಿ ಬಿದ್ದರೆ ಸೀಳಿಹೋಗುವ ಲೋಹ ಅದು. ಹಿತ್ತಾಳೆ ಬಿದ್ದರೆ ತಗ್ಗಾಗುತ್ತದೆಯೇ ಹೊರತು ಒಡೆಯದು. ಆದರೆ ನಮ್ಮ ಸಾರು, ಹುಳಿ, ಮಜ್ಜಿಗೆಗಳ ಹುಳಿಯನ್ನು ಅದು ತಾಳಲಾರದು. ಆದ್ದರಿಂದಲೇ ಕಲಾಯಿಯವನು ಬೀದಿಗೆ ಬಂದು, ತಿದಿಯೊತ್ತಿ, ನವಸಾಗರದ ಹೊಗೆಯೆಬ್ಬಿಸಿ ಪಾತ್ರೆಗಳ ಒಳಮೈಗೆ ತವರ ಬಳಿದುಕೊಡಬೇಕಾಗುತ್ತಿತ್ತು.

ಈ ತಾಪತ್ರಯಗಳನ್ನೆಲ್ಲ ನೀಗಿದ್ದು ಸ್ಟೇನ್‌ಲೆಸ್ ಸ್ಟೀಲು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದ. ಕ್ರೋಮಿಯಂ ಬೆರೆತ ಈ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೊಂದು ಮೂಡುತ್ತದೆ. ಗೀರಿದರೆ ಗಾಳಿಯಲ್ಲಿ ಅದು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಕಲಾಯಿ ಬೇಕಿಲ್ಲ. ನೂರರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವುದು ಪಾತ್ರೆಗೆ ಉತ್ತಮವಾದ ಜಾತಿ. ಅಯಸ್ಕಾಂತ ಹಿಡಿದು ಪರೀಕ್ಷಿಸುವವರುಂಟು. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಯನ್ನೇ ನಂಬಿ ಕೂರುವಂತಿಲ್ಲ. ಕೈಯಲ್ಲಿ ಹಿಡಿದಾಗ ತೂಕವಿರಲಿ, ಅಂಚು ಮಡಿಸಿ ನಯಗೊಳಿಸಿರಲಿ.

ಪಿಂಗಾಣಿಗೆ ಚೆಲುವಿದೆ, ಆಯುಷ್ಯ ಕಡಿಮೆ. ಮೆಲಮೈನ್ ಬಿದ್ದರೆ ಸುಲಭಕ್ಕೆ ಒಡೆಯದು. ಆದರೆ ಚಮಚದ ಗೀರು ಬಿದ್ದು ಮಂಕಾಗುತ್ತದೆ, ಮೈಕ್ರೋವೇವ್ ಒಲೆಗೆ ಸಲ್ಲದು. ಹದಗೊಳಿಸಿದ ಗಾಜು ಹಲವು ಪೆಟ್ಟುಗಳನ್ನು ತಾಳೀತು. ಕಾಯಿಸಿದ ಗಾಜಿನ ಹೊರಮೈಯನ್ನು ಥಟ್ಟನೆ ತಣಿಸಿ ಬಿಗಿಗೊಳಿಸಿರುತ್ತಾರೆ. ಆ ಬಿಗಿತವೇ ಅದರ ಬಲ. ಆದರೆ ಆಳವಾದ ಗೀರೊಂದು ಬಿದ್ದರೆ, ಒಂದು ದಿನ ಇಡೀ ತಟ್ಟೆ ಚೂರುಚೂರಾಗಲೂಬಹುದು. ದಿನದ ಬಳಕೆಗೆ ಸ್ಟೀಲನ್ನು ಮೀರಿಸಿದ್ದಿಲ್ಲ ಎಂದು ನಮ್ಮ ಗೃಹಿಣಿಯರು ಹೇಳುವುದು ಸುಮ್ಮನೆಯಲ್ಲ. ಮುಂಬಯಿಯಲ್ಲಿ ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಬೋಹಾರಿಣಿಯೊಡನೆ ಮೆಟ್ಟಿಲ ಮೇಲೆ ಚೌಕಾಸಿ ಮಾಡಿ, ಎರಡು ಸೀರೆಗೆ ಒಂದು ತಟ್ಟೆ ಗಿಟ್ಟಿಸಿದ ತಾಯಂದಿರಿಗೆ ಲೋಹಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟಾದ ಮೇಲೆ ನಮ್ಮ ಅಡಿಗೆಮನೆಯ ಹಲಗೆಗಳನ್ನು ಒಮ್ಮೆ ನೋಡೋಣ. ಎತ್ತರದ ಹಲಗೆಯ ಮೇಲೆ ಹೂಬಳ್ಳಿಯ ಪಿಂಗಾಣಿ, ಗಾಜು, ಅದು ಅತಿಥಿಗಳಿಗೆ. ಕೈಗೆಟಕುವ ಹಲಗೆಯ ಮೇಲೆ ಹೆಸರು, ತಾರೀಖು ಕೆತ್ತಿಸಿದ ಸ್ಟೀಲು; ಅದು ಮನೆಯವರಿಗೆ. ಇನ್ನು ಹಲವು ಮನೆಗಳಲ್ಲಿ ಬಚ್ಚಲ ಪಕ್ಕದಲ್ಲೋ ಕಿಟಕಿಯ ಕಟ್ಟೆಯ ಮೇಲೋ ಒಂಟಿಯಾಗಿ ಒಂದು ತಟ್ಟೆ, ಒಂದು ಲೋಟ ಬೋರಲು ಬಿದ್ದಿರುತ್ತವೆ. ಅವು ಯಾರಿಗೆಂದು ಯಾರೂ ಹೇಳಬೇಕಾಗಿಲ್ಲ. ಕೆಲಸದಾಕೆಗೆ ಗೊತ್ತು, ಮನೆಯ ಮಕ್ಕಳಿಗೂ ಗೊತ್ತು.

ಪಿಂಗಾಣಿ ಬಟ್ಟಲು ಅತಿಥಿಯ ಕೈಯಿಂದ ಬಿದ್ದರೆ 'ಪರವಾಗಿಲ್ಲ, ಬಿಡಿ' ಎನ್ನುತ್ತೇವೆ. ಮಗುವಿನ ಕೈಯಿಂದ ಬಿದ್ದರೆ ಗದರಿಕೆ. ಕೆಲಸದಾಕೆಯ ಕೈಯಿಂದ ಬಿದ್ದರೆ ತಿಂಗಳ ಸಂಬಳದ ಲೆಕ್ಕದಲ್ಲಿ ಅದು ಮತ್ತೆ ತಲೆಯೆತ್ತೀತು. ಕೈ ನಡುಗುವ ಅಜ್ಜಿಯಂತೂ ಒಡೆದೀತೆಂಬ ಭಯಕ್ಕೆ ಆ ಬಟ್ಟಲನ್ನು ಮುಟ್ಟುವುದೇ ಇಲ್ಲ. ಬಟ್ಟಲು ಒಂದೇ, ಬೀಳುವ ನೆಲವೂ ಒಂದೇ. ಶಿಕ್ಷೆ ಮಾತ್ರ ಬೇರೆ ಬೇರೆ. ಒಡೆಯದ ತಟ್ಟೆಯ ದೊಡ್ಡ ಗುಣ ಹಣದ ಉಳಿತಾಯವಲ್ಲ. ಮಗುವೂ ಮುದುಕಿಯೂ ದುಡಿಯುವಾಕೆಯೂ ಅಳುಕಿಲ್ಲದೆ ಉಣ್ಣಬಹುದೆಂಬುದು ಅದರ ಗುಣ.

ಹಾಗಿದ್ದರೆ ಕಿಟಕಿಯ ಕಟ್ಟೆಯ ತಟ್ಟೆ ಏಕೆ? ಹಿಂದೆ ನೆಪಗಳಿದ್ದವು. ಪಾತ್ರೆ ದುಬಾರಿ ಎನ್ನಬಹುದಾಗಿತ್ತು, ಒಡೆದೀತೆನ್ನಬಹುದಾಗಿತ್ತು, ಎಂಜಲು ಹೀರಿಕೊಂಡೀತೆನ್ನಬಹುದಾಗಿತ್ತು. ಸ್ಟೀಲು ಈ ಮೂರನ್ನೂ ಕಿತ್ತುಕೊಂಡಿದೆ. ಅದು ಅಗ್ಗ, ಅದು ಒಡೆಯದು, ಅದರ ಮೈಯಲ್ಲಿ ರಂಧ್ರವಿಲ್ಲ; ಸಾಬೂನು ಬಿಸಿನೀರಿಗೆ ಎಲ್ಲ ಹೋಗುತ್ತದೆ. 'ಆರೋಗ್ಯದ ದೃಷ್ಟಿಯಿಂದ' ಎನ್ನುವವರು ಒಂದು ಮಾತು ಯೋಚಿಸಲಿ. ಮನೆಮಂದಿಯ ತಟ್ಟೆಗಳನ್ನೆಲ್ಲ ದಿನವೂ ತೊಳೆದಿಡುವುದು ಆಕೆಯ ಕೈಯೇ. ತೊಳೆಯುವಾಗ ಶುದ್ಧವಾಗಿದ್ದ ಕೈ, ಉಣ್ಣುವಾಗ ಮಾತ್ರ ಹೇಗೆ ಅಶುದ್ಧವಾದೀತು?

ಹೋಟೆಲು, ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಯನ್ನು ಬಳಸದಂತೆ ಅಸ್ಪೃಶ್ಯತೆಯ ನೆವದಿಂದ ತಡೆಯುವುದು 1955ರ ಕಾಯಿದೆಯ ಪ್ರಕಾರ ಅಪರಾಧ. 1976ರಲ್ಲಿ ಆ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣೆಯ ಹೆಸರು ಬಂತು. ಲೋಟವೊಂದರ ಮಾತನ್ನು ದೇಶದ ಕಾನೂನೇ ಎತ್ತಬೇಕಾಯಿತೆಂದರೆ ಅದು ಸಣ್ಣ ವಿಷಯವಲ್ಲವಷ್ಟೇ. ಆದರೆ ನಮ್ಮ ಅಡಿಗೆಮನೆಯ ಹಲಗೆಯನ್ನು ಎಣಿಸಿ ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಕಾಯಿದೆ ನಮ್ಮ ಮನಸ್ಸಾಕ್ಷಿಯೇ.

ಭಾಷೆಯ ಕಾರಣಕ್ಕೋ, ಹೊರಗಿನವರೆಂಬ ಕಾರಣಕ್ಕೋ ಬಾಡಿಗೆಯ ಮನೆ ಸಿಗದೆ ಅಲೆದ ನೆನಪು ಹೊರನಾಡಿನ ಎಷ್ಟೋ ಕುಟುಂಬಗಳಲ್ಲಿ ಇನ್ನೂ ಹಸಿಯಾಗಿದೆ. 'ನೀವು ಬೇರೆ' ಎಂಬ ಮಾತು ಎಷ್ಟು ಚುಚ್ಚುತ್ತದೆಂದು ಬಲ್ಲವರು ಅದೇ ಮಾತನ್ನು ತಟ್ಟೆಯ ಮೂಲಕ ಇನ್ನೊಬ್ಬರಿಗೆ ಹೇಳಬಾರದು.

ಒಡೆಯುವ ವಸ್ತುವಿನಿಂದಲೇ ಜೋಪಾನ ಕಲಿಯುತ್ತೇವೆ, ಎಲ್ಲವೂ ಗಟ್ಟಿಯಾದರೆ ಮಕ್ಕಳು ಉಡಾಫೆಯವರಾಗುತ್ತಾರೆ ಎಂದು ಕೆಲವು ಹಿರಿಯರು ವಾದಿಸಬಹುದು. ಮಾತಿನಲ್ಲಿ ಹುರುಳಿದೆ. ಗಾಜಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯಲು ಮಗು ಕಲಿಯಲಿ. ಹಬ್ಬಕ್ಕೊಮ್ಮೆ ಆ ಪಿಂಗಾಣಿಯನ್ನು ಮನೆಯವರಿಗೂ ಇಳಿಸೋಣ. ಆದರೆ ಜೋಪಾನ ಬೇರೆ, ಅಂಜಿಕೆ ಬೇರೆ. ಮೊದಲನೆಯದನ್ನು ಪ್ರೀತಿಯಿಂದ ಕಲಿಸಬಹುದು. ಎರಡನೆಯದು ಹಸಿದವರ ತುತ್ತನ್ನು ಗಂಟಲಲ್ಲೇ ತಡೆಯುತ್ತದೆ.

ಆದ್ದರಿಂದ ಮುಂದಿನ ಸಲ ಪಾತ್ರೆಯಂಗಡಿಗೆ ಹೋದಾಗ ನಮ್ಮದೊಂದು ಸೂಚನೆ. ಮನೆಯಲ್ಲಿ ಐದು ಜನರಿದ್ದರೆ ಒಂದೇ ಬಗೆಯ ಎಂಟು ತಟ್ಟೆ, ಎಂಟು ಲೋಟ ಕೊಳ್ಳೋಣ. ಯಾರ ಹೆಸರನ್ನೂ ಕೆತ್ತಿಸುವುದು ಬೇಡ. ತೊಳೆದ ಮೇಲೆ ಎಲ್ಲವನ್ನೂ ಒಂದರ ಮೇಲೊಂದು ಒಂದೇ ಹಲಗೆಯಲ್ಲಿ ಪೇರಿಸೋಣ. ಮಾರನೆಯ ದಿನ ಯಾವುದು ಯಾರು ಉಂಡದ್ದೆಂದು ಗುರುತಿಸಲು ಬಾರದ ಹಾಗಿದ್ದರೆ, ತಟ್ಟೆಗಳನ್ನು ಸರಿಯಾಗಿಯೇ ಆರಿಸಿದ್ದೇವೆಂದು ತಿಳಿಯಬಹುದು.